ಗಿಟಾರ್ ಸಲಹೆಯನ್ನು ತಿದ್ದುವ ಕೈಗಳು

ಗಿಟಾರ್ ಕೊಳ್ಳುವವರಿಗೆ ಕೊಡುವ ಸಲಹೆ ಬೇಗ ಹಳತಾಗುತ್ತದೆ. ಮಾದರಿಯ ಹೆಸರು ಅದೇ ಇರುತ್ತದೆ. ಮರ, ತಯಾರಾಗುವ ದೇಶ, ಬೆಲೆ ಬದಲಾಗಿರುತ್ತವೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ಹೊಸದಾಗಿ ಕಲಿಯುವವರಿಗೆ ಇದು ನೇರವಾಗಿ ತಟ್ಟುವ ವಿಷಯ. ಹತ್ತಾರು ಗಿಟಾರ್‌ಗಳನ್ನು ನುಡಿಸಿ ನೋಡಿ ಆರಿಸಬಹುದಾದ ದೊಡ್ಡ ಅಂಗಡಿಗಳು ಹೆಚ್ಚಾಗಿ ಬೆಂಗಳೂರು ನಗರದೊಳಗಿವೆ. ಅಲ್ಲಿಗೆ ಹೋಗಲಾಗದವರು ಆನ್‌ಲೈನ್‌ನಲ್ಲಿ ತರಿಸುತ್ತಾರೆ. ವಾದ್ಯವನ್ನು ಮುಟ್ಟಿ ನೋಡದೆ, ಯಾರೋ ಮಾಡಿದ ಪಟ್ಟಿಯನ್ನು ನಂಬಿ ದುಡ್ಡು ಕಟ್ಟುವವರು ಇವರೇ. ಪಟ್ಟಿ ತಪ್ಪಿದರೆ ನಷ್ಟವೂ ಇವರದೇ.

ಇದೇ ಸೀಮೆಯಲ್ಲಿ ವೀಣೆಯ ವ್ಯವಹಾರ ಬೇರೆ ರೀತಿ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆ ತಯಾರಿಕೆಗೆ ಹೆಸರಾದ ಊರು. ಅಲ್ಲಿ ಹಲಸಿನ ಮರದಿಂದ ವೀಣೆ ಮಾಡುತ್ತಾರೆ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಸ್ವರ ತಪ್ಪಿದರೆ ಮೇಣ ಸರಿಪಡಿಸಿ ಮೆಟ್ಟಿಲನ್ನು ಮತ್ತೆ ಕೂರಿಸಬಹುದು. ಮಾಡುವವರೂ ನುಡಿಸುವವರೂ ಎದುರುಬದುರು ಕೂತು ಮಾತಾಡಬಹುದಾದ್ದರಿಂದ ತಿದ್ದುಪಡಿ ವಾದ್ಯದ ಮೇಲೇ ಆಗುತ್ತದೆ. ಗಿಟಾರ್‌ನ ಫ್ರೆಟ್‌ಗಳನ್ನು ಲೋಹದಲ್ಲಿ ಮಾಡಿ ಮರದೊಳಗೆ ಬಿಗಿದಿರುತ್ತಾರೆ, ಕಾರ್ಖಾನೆ ಎಷ್ಟೋ ಸಲ ಇಂಡೋನೇಷ್ಯಾದಲ್ಲೋ ಚೀನಾದಲ್ಲೋ ಇರುತ್ತದೆ. ಕೊಳ್ಳುವವರ ಕೈಗೆ ಸಿಗುವುದು ಸಲಹೆ ಮಾತ್ರ, ತಿದ್ದಬೇಕಾದ್ದೂ ಅದನ್ನೇ.

ಸಲಹೆ ಹೇಗೆ ಸುಳ್ಳಾಗುತ್ತದೆ ಎಂಬುದಕ್ಕೆ ಬೀಟೆ ಮರದ ಕಥೆ ಒಳ್ಳೆಯ ನಿದರ್ಶನ. ಕರ್ನಾಟಕದ ಮಲೆನಾಡಿನಲ್ಲಿ ಬೆಳೆಯುವ ಬೀಟೆ ಗಿಟಾರ್‌ನ ಫಿಂಗರ್‌ಬೋರ್ಡಿಗೂ ಬೆನ್ನಿಗೂ ಜಗತ್ತಿನಾದ್ಯಂತ ಬೇಕಾದ ಮರ. ವನ್ಯಜೀವಿ ಮತ್ತು ಸಸ್ಯಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 2017ರ ಜನವರಿ 2ರಿಂದ ಬೀಟೆಯ ಇಡೀ ಕುಲವನ್ನು ಪರವಾನಗಿಯ ಕಟ್ಟಿಗೆ ತಂದಿತು. ಕಾಗದಪತ್ರದ ತೊಡಕು ಬೇಡವೆಂದು ಫೆಂಡರ್ ಕಂಪನಿ ಆ ವರ್ಷವೇ ಮೆಕ್ಸಿಕೋದಲ್ಲಿ ತಯಾರಾಗುವ ಹಲವು ಮಾದರಿಗಳಿಗೆ ಬೀಟೆಯ ಬದಲು ಪಾವ್ ಫೆರೋ ಎಂಬ ದಕ್ಷಿಣ ಅಮೆರಿಕದ ಮರ ಬಳಸತೊಡಗಿತು. 2019ರ ನವೆಂಬರ್‌ನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹೀಗೆ ಮೂರೇ ವರ್ಷದಲ್ಲಿ ಎರಡು ಸಲ ನಿಯಮ ಬದಲಾಯಿತು. 2016ರಲ್ಲಿ ‘ಬೀಟೆಯ ಫಿಂಗರ್‌ಬೋರ್ಡ್’ ಎಂದು ಬರೆದವರು ಸುಳ್ಳು ಬರೆದಿರಲಿಲ್ಲ. ಆದರೆ 2018ರಲ್ಲಿ ಅದನ್ನೋದಿ ಕೊಂಡವರಿಗೆ ಬೇರೆ ಮರ ಬಂದಿರಬಹುದು. ಪೆಟ್ಟಿಗೆ ಬಿಚ್ಚಿ ನೋಡಿದವರು ಹೇಳದಿದ್ದರೆ ಇಂಥ ಬದಲಾವಣೆ ಸಲಹೆಗಾರರಿಗೆ ಗೊತ್ತಾಗುವುದು ತಡವಾಗಿಯೇ.

ಮರದ ವಿಷಯದಲ್ಲೇ ಇನ್ನೊಂದು ತಪ್ಪು ಪದೇ ಪದೇ ನುಸುಳುತ್ತದೆ. ಯಮಹಾ ಎಫ್310 ಭಾರತದಲ್ಲಿ ಕಲಿಯುವವರ ಕೈಯಲ್ಲಿ ತುಂಬಾ ಕಾಣುವ ಅಕೌಸ್ಟಿಕ್ ಗಿಟಾರ್. ಅದರ ಮುಂಭಾಗ ಪದರ ಅಂಟಿಸಿದ ಹಲಗೆ. ಅದೇ ಕಂಪನಿಯ ಎಫ್‌ಜಿ800ರ ಮುಂಭಾಗ ಒಂದೇ ಘನ ಹಲಗೆ. ಎರಡಕ್ಕೂ ‘ಸ್ಪ್ರೂಸ್ ಟಾಪ್’ ಎಂದೇ ಬರೆದುಬಿಟ್ಟರೆ ಬೆಲೆಯ ಅಂತರಕ್ಕೆ ಅರ್ಥವೇ ಉಳಿಯುವುದಿಲ್ಲ. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಮಧ್ಯದ ದುಂಡು ರಂಧ್ರದ ಅಂಚನ್ನು ಬೆಳಕಿಗೆ ಹಿಡಿದರೆ, ಘನ ಹಲಗೆಯಲ್ಲಿ ಮೇಲಿನ ಎಳೆಗಳು ಅಂಚಿನಲ್ಲಿ ಮಡಚಿದಂತೆ ಹಾಗೇ ಕೆಳಗಿಳಿಯುತ್ತವೆ. ಪದರದ ಹಲಗೆಯಾದರೆ ಅಂಚಿನಲ್ಲಿ ಒಂದರ ಮೇಲೊಂದು ಅಡ್ಡಗೆರೆಗಳು ಕಾಣುತ್ತವೆ. ಆ ಅಂಚಿನ ಒಂದು ಸ್ಪಷ್ಟ ಫೋಟೊ ಹತ್ತು ಜನರ ವಾದವನ್ನು ಮುಗಿಸುತ್ತದೆ.

ಕೆಲವು ತಪ್ಪುಗಳಿಂದ ವಾದ್ಯವೇ ಹಾಳಾಗುತ್ತದೆ. ನೈಲಾನ್ ತಂತಿಗೆಂದು ಕಟ್ಟಿದ ಕ್ಲಾಸಿಕಲ್ ಗಿಟಾರ್‌ಗೆ ಸ್ಟೀಲ್ ತಂತಿ ಹಾಕಿದರೆ ಎಳೆತ ತಾಳದೆ ಬ್ರಿಡ್ಜ್ ಕಿತ್ತು ಬರಬಹುದು, ಕುತ್ತಿಗೆ ಬಾಗಬಹುದು. ಅಮೆರಿಕದ ಪಟ್ಟಿಯನ್ನು ನೋಡಿ ಅಲ್ಲಿಂದಲೇ ಆಂಪ್ಲಿಫೈಯರ್ ತರಿಸಿದರೆ ಅದು 120 ವೋಲ್ಟಿಗೆ ಮಾತ್ರ ಮಾಡಿದ್ದಾಗಿರಬಹುದು. ಅಂಥದ್ದನ್ನು ನಮ್ಮ ಮನೆಗಳ 230 ವೋಲ್ಟಿಗೆ ನೇರ ಜೋಡಿಸಿದರೆ ಸುಟ್ಟುಹೋಗಬಹುದು. ಇಂಥ ತಿದ್ದುಪಡಿಗಳನ್ನು ಮುಂದಿನ ಆವೃತ್ತಿಯವರೆಗೆ ಕಾಯಿಸಬಾರದು, ಅದೇ ದಿನ ಸೇರಿಸಬೇಕು.

ಊರಿಗೆ ತಕ್ಕ ತಿದ್ದುಪಡಿ ಇದಕ್ಕಿಂತ ಸೂಕ್ಷ್ಮ. ಘನ ಮರದ ಗಿಟಾರ್‌ಗೆ ಗಾಳಿಯ ತೇವಾಂಶ ಶೇ 45ರಿಂದ 55ರೊಳಗಿದ್ದರೆ ಒಳ್ಳೆಯದು. ಬೆಂಗಳೂರಿನ ಸುತ್ತಲ ಬಯಲುಸೀಮೆಯಲ್ಲಿ ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ ಅದು ಶೇ 30ರ ಆಸುಪಾಸಿಗೆ ಇಳಿಯುತ್ತದೆ. ಮರ ಒಣಗಿ ಕುಗ್ಗಿ ಫ್ರೆಟ್‌ನ ತುದಿಗಳು ಅಂಗೈಗೆ ತರಚುತ್ತವೆ, ಕೆಲವೊಮ್ಮೆ ಮುಂಭಾಗ ಸೀಳುತ್ತದೆ. ಮಂಗಳೂರಿನಲ್ಲಾದರೆ ತೊಂದರೆ ತಿರುಗಾ ಮುರುಗಾ: ಮರ ತೇವ ಹೀರಿ ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಕರಾವಳಿಯವರು ಸಿಲಿಕಾ ಜೆಲ್ ಇಡಿ ಎನ್ನುವುದೂ, ದೊಡ್ಡಬಳ್ಳಾಪುರದವರು ಬೇಸಿಗೆಯಲ್ಲಿ ಗಿಟಾರ್ ಕೇಸಿನೊಳಗೆ ತೇವದ ಸ್ಪಂಜು ಇಡಿ ಎನ್ನುವುದೂ ಸರಿಯೇ. ಊರಿನ ಹೆಸರಿಲ್ಲದೆ ಅಚ್ಚಾದರೆ ಎರಡೂ ತಪ್ಪು.

ಆದ್ದರಿಂದ ಓದುಗರ ತಿದ್ದುಪಡಿಯನ್ನು ಸ್ವೀಕರಿಸುವಾಗ ಕೆಲವು ವಿವರ ಕೇಳಲೇಬೇಕು: ಯಾವ ಮಾದರಿ, ಸೀರಿಯಲ್ ನಂಬರ್ ಯಾವ ವರ್ಷದ್ದು, ಎಲ್ಲಿ ಕೊಂಡದ್ದು, ಎಷ್ಟು ಕಾಲ ನುಡಿಸಿದ್ದು. ಹೇಳುವವರು ಅದೇ ವಾದ್ಯ ಮಾರುವವರೇ ಎಂಬುದೂ ಗೊತ್ತಿರಬೇಕು. ಮಾರುವವರ ಮಾತನ್ನು ತಳ್ಳಿಹಾಕಬೇಕಿಲ್ಲ, ಅವರು ಯಾರೆಂದು ಜೊತೆಗೆ ಬರೆದರೆ ಸಾಕು. ‘ತಂತಿ ತುಂಬಾ ಎತ್ತರ’ ಎಂಬುದು ದೂರು. ‘12ನೇ ಫ್ರೆಟ್‌ನ ಮೇಲೆ ದಪ್ಪ ತಂತಿ ಮೂರೂವರೆ ಮಿಲಿಮೀಟರ್ ಎತ್ತರದಲ್ಲಿದೆ’ ಎಂಬುದು ಇನ್ನೊಬ್ಬರು ಸ್ಕೇಲ್ ಇಟ್ಟು ಅಳೆದು ಒಪ್ಪಬಹುದಾದ ಅಥವಾ ಅಲ್ಲಗಳೆಯಬಹುದಾದ ಮಾತು. ಬೇರೆ ಬೇರೆ ಕಡೆ ಕೊಂಡ ಇಬ್ಬರು ಮೂವರು ಅದೇ ಅಳತೆ ಹೇಳಿದಾಗ ಪಟ್ಟಿ ತಿದ್ದುವುದು ನ್ಯಾಯ. ಒಂದೇ ವಾದ್ಯದ ದೋಷ ಇಡೀ ಮಾದರಿಯ ದೋಷವಾಗಬಾರದು. ನಾದ ಇಂಪೋ ಅಲ್ಲವೋ ಎಂಬುದಕ್ಕೆ ಅಳತೆಗೋಲಿಲ್ಲ. ಅಲ್ಲಿ ಒಮ್ಮತಕ್ಕೆ ಒದ್ದಾಡುವ ಬದಲು ಎರಡು ಅಭಿಪ್ರಾಯಗಳನ್ನೂ, ಯಾವ ಸಂಗೀತ ನುಡಿಸುವವರದ್ದು ಎಂಬ ವಿವರದೊಂದಿಗೆ ಅಕ್ಕಪಕ್ಕ ಇಡುವುದು ಮೇಲು.

ತಿದ್ದಿದ ಮೇಲೆ ಹಳೆಯದನ್ನು ಅಳಿಸಿಹಾಕುವುದು ಸರಿಯಲ್ಲ. ಯಮಹಾ ಎಫ್‌ಜಿ700ಎಸ್ ಜಾಗಕ್ಕೆ 2016ರಲ್ಲಿ ಎಫ್‌ಜಿ800 ಬಂತು. ಆದರೂ ಹಳೆಯ ಮಾದರಿ ಸೆಕೆಂಡ್ ಹ್ಯಾಂಡ್ ಆಗಿ ಕೈ ಬದಲಾಯಿಸುತ್ತಲೇ ಇರುತ್ತದೆ. ದುಡ್ಡು ಹೊಂದಿಸಿ ಮೊದಲ ಗಿಟಾರ್ ಕೊಳ್ಳುವ ವಿದ್ಯಾರ್ಥಿ ಹುಡುಕುವುದು ಅದನ್ನೇ ಇರಬಹುದು. ಹಳೆಯ ನಮೂದು, ಅದರ ಕಾಲ, ಬದಲಾದ ದಿನಾಂಕ, ಬದಲಾವಣೆಗೆ ಕಾರಣ ಇವಿಷ್ಟೂ ಉಳಿದಿದ್ದರೆ ಮುಂದಿಟ್ಟ ಗಿಟಾರ್ ಯಾವ ಕಾಲದ್ದು, ಯಾವ ಮರದ್ದು, ಕೇಳುವ ಬೆಲೆ ಅದಕ್ಕೆ ಸಲ್ಲುತ್ತದೆಯೇ ಎಂದು ಆ ವಿದ್ಯಾರ್ಥಿಯೇ ನೋಡಿ ತೀರ್ಮಾನಿಸಬಹುದು.