ಮೂತ್ರಪಿಂಡದ ಕಲ್ಲಿಗೆ ಶಸ್ತ್ರಕ್ರಿಯೆಯಿಲ್ಲದ ಚಿಕಿತ್ಸೆ: ರೋಗಿಯ ಕುಟುಂಬದವರಿಗೆ ಮಾಹಿತಿ

ದೇಹವನ್ನು ಕೊಯ್ಯದೆ, ಹೊರಗಿನಿಂದ ಆಘಾತ ತರಂಗಗಳನ್ನು ಹಾಯಿಸಿ ಮೂತ್ರಪಿಂಡದ ಕಲ್ಲನ್ನು ಪುಡಿಮಾಡುವ ವಿಧಾನಕ್ಕೆ ಲಿಥೊಟ್ರಿಪ್ಸಿ ಎಂದು ಹೆಸರು. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1980ರ ಫೆಬ್ರವರಿಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಈ ಚಿಕಿತ್ಸೆ ನೀಡಲಾಯಿತು. ಆಗ ರೋಗಿಯನ್ನು ನೀರು ತುಂಬಿದ ತೊಟ್ಟಿಯಲ್ಲಿ ಮಲಗಿಸಬೇಕಾಗಿತ್ತು. ಈಗಿನ ಯಂತ್ರಗಳಲ್ಲಿ ಮೇಜಿನ ಮೇಲೆ ಮಲಗಿಸಿದರೆ ಸಾಕು. ಯಂತ್ರವು ಕಲ್ಲನ್ನು ಒಡೆಯುತ್ತದೆಯೇ ಹೊರತು ಹೊರತೆಗೆಯುವುದಿಲ್ಲ. ಪುಡಿಯು ಮೂತ್ರದೊಂದಿಗೆ ತಾನಾಗಿಯೇ ಹೊರಬರಬೇಕು. ಇದಕ್ಕೆ ಕೆಲವು ದಿನಗಳಿಂದ ಕೆಲವು ವಾರಗಳು ಬೇಕಾಗುವುದರಿಂದ, ಚಿಕಿತ್ಸೆಯ ಹೆಚ್ಚಿನ ಭಾಗವು ಮನೆಯಲ್ಲಿಯೇ ನಡೆಯುತ್ತದೆ ಎಂಬುದನ್ನು ಕುಟುಂಬದವರು ಗಮನಿಸತಕ್ಕದ್ದು.

ಯಾರಿಗೆ ಸೂಕ್ತ

ಸಾಮಾನ್ಯವಾಗಿ 20 ಮಿಲಿಮೀಟರ್‌ಗಿಂತ ಚಿಕ್ಕದಾದ ಕಲ್ಲುಗಳಿಗೆ ಈ ವಿಧಾನವನ್ನು ಪರಿಗಣಿಸಲಾಗುತ್ತದೆ. ಮೂತ್ರಪಿಂಡದ ಕೆಳಭಾಗದಲ್ಲಿರುವ ಕಲ್ಲಿನ ಚೂರುಗಳು ಸುಲಭವಾಗಿ ಇಳಿಯುವುದಿಲ್ಲ. ಅತಿ ಗಟ್ಟಿಯಾದ ಕಲ್ಲು ಒಡೆಯದೆಯೂ ಇರಬಹುದು. ಅಂಥವರಿಗೆ ವೈದ್ಯರು ದೂರ್ಬೀನು ಮೂಲಕ ಕಲ್ಲು ತೆಗೆಯುವ ಬೇರೆ ವಿಧಾನವನ್ನು ಸೂಚಿಸಿದರೆ, ಅದು ಹಣಕ್ಕಾಗಿ ಹೇಳಿದ ಮಾತೆಂದು ಶಂಕಿಸುವ ಅಗತ್ಯವಿಲ್ಲ. ಗರ್ಭಿಣಿಯರಿಗೆ, ರಕ್ತ ಹೆಪ್ಪುಗಟ್ಟದ ತೊಂದರೆ ಇರುವವರಿಗೆ ಹಾಗೂ ಮೂತ್ರದ ಸೋಂಕು ವಾಸಿಯಾಗದವರಿಗೆ ಈ ಚಿಕಿತ್ಸೆ ನೀಡುವಂತಿಲ್ಲ. ರೋಗಿಯು ಹೃದಯದ ತೊಂದರೆಗಾಗಿ ರಕ್ತ ತೆಳುಗೊಳಿಸುವ ಮಾತ್ರೆಗಳನ್ನು ಸೇವಿಸುತ್ತಿದ್ದಲ್ಲಿ ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು; ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಚಿಕಿತ್ಸೆಯ ದಿನ

ಎಕ್ಸ್-ರೇ ಅಥವಾ ಸ್ಕ್ಯಾನಿಂಗ್ ಮೂಲಕ ಕಲ್ಲಿನ ಸ್ಥಾನವನ್ನು ಗುರುತಿಸಿ, ನೋವು ನಿವಾರಕ ಔಷಧಿ ಅಥವಾ ಅರಿವಳಿಕೆ ನೀಡಿ, ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ತರಂಗಗಳನ್ನು ಹಾಯಿಸಲಾಗುತ್ತದೆ. ಬಹುಪಾಲು ರೋಗಿಗಳು ಅಂದೇ ಮನೆಗೆ ಹಿಂದಿರುಗಬಹುದು. ಜೊತೆಯಲ್ಲಿ ಒಬ್ಬರಿರುವುದು ಅವಶ್ಯ. ಕೆಲವರಿಗೆ ಎರಡನೆಯ ಬಾರಿ ಚಿಕಿತ್ಸೆ ಬೇಕಾಗುತ್ತದೆ.

ಮನೆಗೆ ಬಂದ ನಂತರ

ಒಂದೆರಡು ದಿನ ಮೂತ್ರವು ಕೆಂಪಾಗಿರುವುದು, ಬೆನ್ನಿನ ಪಕ್ಕದಲ್ಲಿ ನೋವಿರುವುದು ಸಹಜ. ಮೂತ್ರವನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ, ದೊರೆತ ಚೂರನ್ನು ಪರೀಕ್ಷೆಗೆ ನೀಡಿದಲ್ಲಿ ಕಲ್ಲಿನ ಬಗೆ ತಿಳಿದು ಮುಂದಿನ ಪಥ್ಯವನ್ನು ನಿರ್ಧರಿಸಲು ಅನುಕೂಲವಾಗುತ್ತದೆ.

ಚೂರುಗಳು ಮೂತ್ರನಾಳದಲ್ಲಿ ಸಾಲಾಗಿ ನಿಂತು ಮೂತ್ರದ ಹರಿವನ್ನು ತಡೆಯುವುದುಂಟು. ಚಳಿಜ್ವರ, ನಿಲ್ಲದ ವಾಂತಿ, ಮಾತ್ರೆಗೂ ಬಗ್ಗದ ನೋವು, ಮೂತ್ರ ಕಟ್ಟುವುದು, ರಕ್ತದ ಗಡ್ಡೆಗಳು: ಇವುಗಳಲ್ಲಿ ಯಾವುದೇ ಒಂದು ಕಂಡುಬಂದಲ್ಲಿ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಹರಿವು ತಡೆದ ಮೂತ್ರಪಿಂಡದಲ್ಲಿ ಸೋಂಕು ಸೇರಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯವಾಗಬಹುದು. ವಾಹನದ ಅನುಕೂಲವಿಲ್ಲದವರು 108ಕ್ಕೆ ಕರೆ ಮಾಡಬಹುದು.

ಸ್ಟೆಂಟ್ ಅಳವಡಿಸಿದ್ದಲ್ಲಿ

ಮೂತ್ರನಾಳವು ಮುಚ್ಚದಂತೆ ಕೆಲವರಿಗೆ ಡಿ.ಜೆ. ಸ್ಟೆಂಟ್ ಎಂಬ ಮೃದುವಾದ ಕೊಳವೆಯನ್ನು ಒಳಗೆ ಇರಿಸಲಾಗುತ್ತದೆ. ಇದು ಹೊರಗೆ ಕಾಣುವುದಿಲ್ಲ. ನೋವು ಕಡಿಮೆಯಾದೊಡನೆ ರೋಗಿಗಳು ಇದನ್ನು ಮರೆತುಬಿಡುತ್ತಾರೆ. ಹೊಲದ ಕೆಲಸ, ಮನೆಯ ಮದುವೆ, ಬಸ್ಸಿನ ಖರ್ಚು ಎಂದು ಮರುಭೇಟಿ ಮುಂದಕ್ಕೆ ಹೋಗುತ್ತದೆ. ತಿಂಗಳುಗಟ್ಟಲೆ ಒಳಗೇ ಉಳಿದ ಸ್ಟೆಂಟಿನ ಮೇಲೆ ಹೊಸ ಕಲ್ಲು ಕಟ್ಟಿಕೊಂಡು, ಕಡೆಗೆ ಮೂತ್ರಪಿಂಡವೇ ಹಾಳಾಗುವ ಸಂಭವವಿದೆ. ಕೊಯ್ಯದೆ ಮುಗಿಯಬೇಕಾಗಿದ್ದ ಚಿಕಿತ್ಸೆಯು ದೊಡ್ಡ ಶಸ್ತ್ರಕ್ರಿಯೆಗೆ ದಾರಿಯಾಗುತ್ತದೆ. ಆದ್ದರಿಂದ ಬಿಡುಗಡೆಯ ಸಮಯದಲ್ಲಿ “ಸ್ಟೆಂಟ್ ಹಾಕಿದೆಯೇ, ಯಾವ ದಿನ ತೆಗೆಸಬೇಕು” ಎಂದು ಕೇಳಿ, ದಿನಾಂಕವನ್ನು ಬಿಡುಗಡೆ ಪತ್ರದಲ್ಲಿ ಬರೆಸಿಕೊಂಡು, ಮನೆಯ ಕ್ಯಾಲೆಂಡರಿನಲ್ಲಿಯೂ ಗುರುತು ಹಾಕುವುದು. ಈ ಜವಾಬ್ದಾರಿಯನ್ನು ರೋಗಿಗಿಂತ ಮನೆಯ ಇನ್ನೊಬ್ಬ ಸದಸ್ಯರು ವಹಿಸಿಕೊಳ್ಳುವುದು ಉತ್ತಮ.

ಆಹಾರ

ದಿನವೊಂದಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು. ಹೃದಯ ಅಥವಾ ಮೂತ್ರಪಿಂಡದ ವೈಫಲ್ಯ ಇರುವವರು ವೈದ್ಯರು ಹೇಳಿದ ಪ್ರಮಾಣವನ್ನು ಪಾಲಿಸುವುದು. ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆಯಿರಲಿ. ಸುಣ್ಣದ ಅಂಶವೇ ಕಲ್ಲಾಗುತ್ತದೆಂದು ಹೆದರಿ ರಾಗಿ, ಹಾಲು, ಮೊಸರನ್ನು ಪೂರ್ಣವಾಗಿ ಬಿಡುವವರಿದ್ದಾರೆ. ಆಹಾರದಲ್ಲಿನ ಸುಣ್ಣದ ಅಂಶವು ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದಿಡುವುದರಿಂದ ಹಾಗೆ ಬಿಡುವುದು ಸರಿಯಲ್ಲ. ಬಾಳೆದಿಂಡಿನ ಪಲ್ಯವನ್ನು ಊಟದಲ್ಲಿ ಬಳಸಲು ಅಡ್ಡಿಯಿಲ್ಲ, ಆದರೆ ಅದರ ರಸವನ್ನು ನಂಬಿ ಚಿಕಿತ್ಸೆಯನ್ನು ಮುಂದೂಡಬಾರದು.

ಸರ್ಕಾರದ ನೆರವು ಪಡೆಯುವ ಬಗ್ಗೆ

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ಗಳವರೆಗೆ ಚಿಕಿತ್ಸಾ ನೆರವು ಲಭ್ಯ. ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸತಕ್ಕದ್ದು. ಅಲ್ಲಿ ಸೌಲಭ್ಯವಿಲ್ಲದಿದ್ದಲ್ಲಿ ರೆಫರಲ್ ಪತ್ರ ಪಡೆದು ನೋಂದಾಯಿತ ಆಸ್ಪತ್ರೆಗೆ ಹೋಗಬೇಕು. ಪತ್ರವಿಲ್ಲದೆ ನೇರವಾಗಿ ದಾಖಲಾಗಿ, ಹಣ ಕಟ್ಟಿದ ಮೇಲೆ ವಿಚಾರಿಸುವುದರಿಂದ ತೊಂದರೆಯಾಗುತ್ತದೆ. ಆಧಾರ್ ಹಾಗೂ ಪಡಿತರ ಚೀಟಿಯ ಮೂಲ ಪ್ರತಿಗಳೊಡನೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಭೇಟಿ ಮಾಡುವುದು. ಎರಡನೆಯ ಬಾರಿಯ ಚಿಕಿತ್ಸೆ ಮತ್ತು ಸ್ಟೆಂಟ್ ತೆಗೆಯುವ ವೆಚ್ಚವು ಅದೇ ಪ್ಯಾಕೇಜಿನಲ್ಲಿ ಸೇರಿದೆಯೇ ಎಂಬುದನ್ನು ದಾಖಲಾಗುವ ಮೊದಲೇ ಅವರಿಂದ ಖಚಿತಪಡಿಸಿಕೊಳ್ಳುವಂತೆ ಕೋರಲಾಗಿದೆ.