ನಿಮಗಿದು ಗೊತ್ತೆ? ಕಲ್ಲಿನಿಂದ ಮೂಡಿದ ಮೊದಲ ಪತ್ರಿಕೆ

ಕನ್ನಡದ ಮೊದಲ ಪತ್ರಿಕೆ ಅಚ್ಚಾದದ್ದು ಸೀಸದ ಮೊಳೆಗಳಿಂದಲ್ಲ, ಕಲ್ಲಿನಿಂದ! ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಆರಂಭಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪಾಕ್ಷಿಕ. ಜಿಡ್ಡಿನ ಶಾಯಿಯಲ್ಲಿ ಬರೆದ ಹಾಳೆಯನ್ನು ನುಣುಪಾದ ಸುಣ್ಣಕಲ್ಲಿಗೆ ಒತ್ತಿದರೆ ಅಕ್ಷರಗಳು ತಿರುಗುಮುರುಗಾಗಿ ಅಂಟಿಕೊಳ್ಳುತ್ತವೆ. ಕಲ್ಲಿಗೆ ನೀರು ಸವರಿ ಮಸಿಯ ಉರುಳೆ ಹಾಯಿಸಿದರೆ ಮಸಿ ಹಿಡಿಯುವುದು ಜಿಡ್ಡಿರುವ ಕಡೆ ಮಾತ್ರ. ಅದರ ಮೇಲೆ ಬಿಳಿ ಹಾಳೆ ಒತ್ತಿ ತೆಗೆದರೆ ಬರಹ ನೆಟ್ಟಗೆ ಮೂಡುತ್ತದೆ. ಚೆಂದದ ಕೆಲಸ, ಆದರೆ ನಿಧಾನ. ಹಾಗಾಗಿ ಮರುವರ್ಷವೇ ಪತ್ರಿಕೆ ಘಟ್ಟ ಹತ್ತಿ, ಕನ್ನಡದ ಮೊಳೆಗಳಿದ್ದ ಬಳ್ಳಾರಿಯ ಮಿಷನ್ ಮುದ್ರಣಾಲಯ ಸೇರಿತು. ಹೆಸರೂ ‘ಕನ್ನಡ ಸಮಾಚಾರ’ ಎಂದಾಯಿತು.

ನಂಜನಗೂಡು, ಹೆಡತಲೆಯ ಸೀಮೆಯವರಾದ ನಾವು ನಮ್ಮ ಮೈಸೂರಿನ ಪತ್ರಿಕೆಗಾಗಿ 1859ರವರೆಗೆ ಕಾಯಬೇಕಾಯಿತು. ಆಗ ಬಂದದ್ದು ಭಾಷ್ಯಂ ಭಾಷ್ಯಾಚಾರ್ಯರ ‘ಮೈಸೂರು ವೃತ್ತಾಂತ ಬೋಧಿನಿ’.

ಅಚ್ಚಾದರಾಯಿತೆ, ಓದುಗರಿಗೆ ಮುಟ್ಟಬೇಡವೆ? ಕಾದಂಬರಿಕಾರ ಗಳಗನಾಥರು ತಾವೇ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಅಂಗಡಿ, ಏಜೆಂಟರು, ಕಮಿಷನ್ನು ಯಾವುದರ ರಗಳೆಯೂ ಇರಲಿಲ್ಲ!