ಪ್ರೇಕ್ಷಾಗೃಹದ ರೂಪವೂ ನಾದವೂ: ಚೌಡಯ್ಯ ಸ್ಮಾರಕ ಭವನವನ್ನು ಕುರಿತು ಒಂದು ವಿಚಾರ

ಭರತಮುನಿಯ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವನ್ನು ಪಾಠ ಹೇಳುವಾಗ ಮಂಡಪದ ಅಳತೆಗಳನ್ನು ಒಪ್ಪಿಸಿ ಮುಂದೆ ಸಾಗುವುದು ನಮ್ಮ ಅಧ್ಯಾಪಕರಲ್ಲಿ ಬಹುಮಂದಿಯ ವಾಡಿಕೆ. ಈ ಲೇಖಕನೂ ಬಹುಕಾಲ ಹಾಗೆಯೇ ಮಾಡಿದವನು. ಆದರೆ ಆ ಅಳತೆಗಳ ಹಿಂದೆ ಒಂದು ಹೇತುವಿರುವುದು. ಅದನ್ನು ಮರೆತೆವಾದರೆ ಇಂದಿನ ರಂಗಮಂದಿರಗಳನ್ನು ಕಟ್ಟುವುದರಲ್ಲಿಯೂ ಕಾಪಾಡುವುದರಲ್ಲಿಯೂ ಎಡವುವೆವು. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನವನ್ನು ಮುಂದಿಟ್ಟುಕೊಂಡು ಆ ಹೇತುವನ್ನು ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಭರತನು ವಿಕೃಷ್ಟ, ಚತುರಶ್ರ, ತ್ರ್ಯಶ್ರ ಎಂದು ಮೂರು ಆಕಾರಗಳನ್ನೂ, ಜ್ಯೇಷ್ಠ, ಮಧ್ಯಮ, ಅವರ ಎಂದು ಮೂರು ಪ್ರಮಾಣಗಳನ್ನೂ ಹೇಳಿ, ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲವುಳ್ಳ ಮಂಡಪವೇ ಯುಕ್ತವೆಂದು ವಿಧಿಸಿರುವನು. ಹಸ್ತವನ್ನು ಒಂದೂವರೆ ಅಡಿಯೆಂದು ಹಿಡಿದರೆ ಇದು 96 ಅಡಿ ಉದ್ದ, 48 ಅಡಿ ಅಗಲವಾಗುವುದು. ಅರ್ಧಭಾಗವು ರಂಗಕ್ಕೂ ನೇಪಥ್ಯಕ್ಕೂ ಸಲ್ಲುವುದರಿಂದ ಪ್ರೇಕ್ಷಕರಿಗೆ ಉಳಿಯುವುದು 48 ಅಡಿಯ ಚೌಕ. ಒಬ್ಬನಿಗೆ ಆರು ಚದರಡಿಯಂತೆ ಎಣಿಸಿದರೆ ಸುಮಾರು 380 ಮಂದಿ ಕುಳಿತುಕೊಳ್ಳಬಹುದು. ಇಷ್ಟಕ್ಕೇ ನಿಲ್ಲಿಸಿದುದೇಕೆ? ಮಂಡಪವು ಇದಕ್ಕೂ ಹಿರಿದಾದರೆ ಪಾತ್ರಧಾರಿಯ ಮಾತು ಅಸ್ಫುಟವಾಗುವುದು, ಮುಖದಲ್ಲಿನ ಭಾವವು ಅವ್ಯಕ್ತವಾಗುವುದು ಎಂದು ಕಾರಣವನ್ನು ಆತನೇ ಕೊಟ್ಟಿರುವನು. ಮಂಡಪವು ಬೆಟ್ಟದ ಗುಹೆಯಂತಿರಬೇಕು, ಗಾಳಿ ನುಗ್ಗಬಾರದು, ಆಗಲೇ ಶಬ್ದಕ್ಕೆ ಗಾಂಭೀರ್ಯ ಬರುವುದು ಎಂಬುದೂ ಅಲ್ಲಿಯ ಅಭಿಪ್ರಾಯ. ಆದಕಾರಣ ಮಂಡಪದ ಆಕಾರವು ಕಿವಿಗೂ ಕಣ್ಣಿಗೂ ಅಧೀನವಾದುದೆಂದು ತಿಳಿಯಬೇಕು.

ಇನ್ನು ಚೌಡಯ್ಯನವರ ವಿಷಯ. ತಿರುಮಕೂಡಲಿನವರಾದ ಪಿಟೀಲು ವಿದ್ವಾನ್ ಟಿ. ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು, 1967ರಲ್ಲಿ ದಿವಂಗತರಾದರು. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಪಿಟೀಲಿನ ನಾದವು ದೊಡ್ಡ ಸಭೆಯ ಹಿಂದಣ ಸಾಲುಗಳನ್ನು ಮುಟ್ಟುತ್ತಿರಲಿಲ್ಲ. ಇದನ್ನು ಕಂಡು ಅವರು ನಾಲ್ಕು ತಂತಿಗಳ ವಾದ್ಯಕ್ಕೆ ಇನ್ನೂ ಮೂರನ್ನು ಸೇರಿಸಿ, ಏಳು ತಂತಿಗಳ ಪಿಟೀಲನ್ನು ಬಳಕೆಗೆ ತಂದರು. ಭರತನು ಮಂಡಪವನ್ನು ಕುಗ್ಗಿಸಿ ಸಾಧಿಸಿದುದನ್ನು ಇವರು ವಾದ್ಯವನ್ನು ಬಲಪಡಿಸಿ ಸಾಧಿಸಲೆಳಸಿದರು. ಇಬ್ಬರ ಗುರಿಯೂ ಒಂದೇ: ಕಡೆಯ ಸಾಲಿನ ಶ್ರೋತೃವು.

ಅವರ ನೆನಪಿಗಾಗಿ ಕೆ. ಕೆ. ಮೂರ್ತಿಯವರ ನೇತೃತ್ವದಲ್ಲಿ ವೈಯಾಲಿಕಾವಲಿನ ಬಳಿ ಎದ್ದ ಭವನವು 1980ರಲ್ಲಿ ತೆರೆಯಿತು. ಕಟ್ಟಡವೇ ಪಿಟೀಲಿನ ಆಕಾರದಲ್ಲಿರುವುದು. ತಂತಿ, ಕುದುರೆ, ಬಿರಡೆ, ಕಮಾನುಗಳೂ ಅದರಲ್ಲಿ ಕಾಣುವುವು. ಒಳಗೆ ಸಾವಿರಕ್ಕೂ ಮಿಕ್ಕು ಆಸನಗಳಿವೆ.

ಇಲ್ಲಿ ಒಂದು ಪೂರ್ವಪಕ್ಷ ಏಳುವುದು. ಪಿಟೀಲು ಸುನಾದವುಳ್ಳದ್ದು, ಆದುದರಿಂದ ಪಿಟೀಲಿನಾಕಾರದ ಭವನವೂ ಸುನಾದವುಳ್ಳದ್ದಾಗಿರಲೇಬೇಕು, ಎಂದು. ಈ ವಾದವು ನಿಲ್ಲದು. ಪಿಟೀಲಿನ ಬರಿಯ ತಂತಿಯ ಸದ್ದು ಬಹು ಕ್ಷೀಣ. ಅದರ ಕಂಪನವನ್ನು ಕುದುರೆಯು ತೆಳುವಾದ ಮರದ ಹಲಗೆಗೆ ಒಯ್ಯುವುದು. ಹಲಗೆಯೂ ಒಳಗಣ ಗಾಳಿಯೂ ಕಂಪಿಸಿ ನಾದವನ್ನು ಹೊರಗೆ ಚೆಲ್ಲುವುವು. ಭವನದಲ್ಲಿಯಾದರೋ ನಾದವು ಹುಟ್ಟುವುದೂ ಒಳಗೆ, ಕೇಳಿಸಬೇಕಾದುದೂ ಒಳಗೆ. ಗೋಡೆಯು ಕಂಪಿಸತಕ್ಕುದಲ್ಲ, ನಾದವನ್ನು ಕೆಲವೆಡೆ ಹಿಂದಿರುಗಿಸಿ, ಕೆಲವೆಡೆ ಹೀರಿಕೊಳ್ಳತಕ್ಕುದು. ಮರದ ಗುಣವು ಆಕಾರಸಾಮ್ಯ ಮಾತ್ರದಿಂದ ಕಾಂಕ್ರೀಟಿಗೆ ಸಂಕ್ರಮಿಸುವುದಿಲ್ಲ. ಆದುದರಿಂದ ಆ ಆಕಾರವನ್ನು ಸ್ಮಾರಕಚಿಹ್ನೆಯೆಂದು ಗೌರವಿಸಬೇಕು. ನಾದಕ್ಕೆ ಕಾರಣವೆಂದು ಭ್ರಮಿಸಬಾರದು.

ಇದಕ್ಕೆ ಲೋಕಪ್ರಸಿದ್ಧವಾದ ದೃಷ್ಟಾಂತವು ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿದೆ. ಅಲ್ಲಿಯ ಆಪೆರಾ ಭವನದ ವಿನ್ಯಾಸಕ್ಕಾಗಿ ಡೆನ್ಮಾರ್ಕಿನ ಯೋರ್ನ್ ಉಟ್ಸನ್ 1957ರಲ್ಲಿ ಸ್ಪರ್ಧೆ ಗೆದ್ದನು. ಚಿಪ್ಪಿನಂಥ ಛಾವಣಿಗಳನ್ನು ಕಟ್ಟುವ ಬಗೆ ತಿಳಿಯದೆ ತೊಡಕಾದಾಗ, ಎಲ್ಲವನ್ನೂ ಒಂದೇ ಗೋಲದಿಂದ ಕತ್ತರಿಸಿದ ಭಾಗಗಳೆಂದು ಭಾವಿಸಿ ಬಿಡಿಸಿದನು. ಆದರೆ 1966ರಲ್ಲಿ ಅವನು ಕೆಲಸವನ್ನು ಬಿಟ್ಟುಹೋಗಲು, ಒಳಭಾಗವನ್ನು ಅನ್ಯರು ಮುಗಿಸಿದರು; 1973ರಲ್ಲಿ ಭವನವು ತೆರೆಯಿತು. ಹೊರರೂಪವು 2007ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸಂಗೀತಶಾಲೆಯ ಎತ್ತರದ ಮಾಳಿಗೆಯ ಕೆಳಗೆ ಮಾತ್ರ ವಾದಕರು ಒಬ್ಬರನ್ನೊಬ್ಬರು ಸರಿಯಾಗಿ ಕೇಳಲಾರದೆ ದಶಕಗಳ ಕಾಲ ಕಷ್ಟಪಟ್ಟರು. ರಂಗದ ಮೇಲೆ ಹೊಸ ಪ್ರತಿಫಲಕಗಳನ್ನು ತೂಗಹಾಕಿ, ಶಾಲೆಯನ್ನು ತಿದ್ದಿ ಪುನಃ ತೆರೆದುದು 2022ರಲ್ಲಿ. ರೂಪವು ಕೀರ್ತಿಯನ್ನು ತಂದಿತು. ನಾದಕ್ಕೆ ಬೇರೆಯೇ ಪ್ರಯತ್ನ ಬೇಕಾಯಿತು.

ದೊಡ್ಡಬಳ್ಳಾಪುರ, ನೆಲಮಂಗಲದ ಸೀಮೆಗಳಿಗೆ ಸಮೀಪವಾದ ಹೆಸರಘಟ್ಟದಲ್ಲಿ ಪ್ರೊತಿಮಾ ಗೌರಿಯವರು 1990ರಲ್ಲಿ ಸ್ಥಾಪಿಸಿದ ನೃತ್ಯಗ್ರಾಮವು ಮತ್ತೊಂದು ಮಾರ್ಗವನ್ನು ತೋರುವುದು. ಶಿಲ್ಪಿ ಜೆರಾರ್ಡ್ ಡ ಕುನ್ಹ ಅವರು ಅದನ್ನು ಸ್ಥಳದ ಕಲ್ಲು ಮಣ್ಣುಗಳಿಂದಲೇ ರಚಿಸಿದರು. ಅಲ್ಲಿ ಕಟ್ಟಡವು ಯಾವುದರ ಪ್ರತಿಕೃತಿಯೂ ಅಲ್ಲ. ಗುರುಕುಲದ ದಿನಚರಿಯೇ ಅದರ ರೂಪವನ್ನು ನಿರ್ಣಯಿಸಿತು.

ಸಂರಕ್ಷಣೆಯ ವಿಚಾರದಲ್ಲಿ ಇದರಿಂದ ಫಲಿಸುವುದೇನು? ಕಾಂಕ್ರೀಟು ಶಾಶ್ವತವಲ್ಲ. ಸಂದುಗಳಲ್ಲಿ ನೀರಿಳಿದರೆ ಒಳಗಣ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಹೊರಗಿನ ಪದರವನ್ನು ಸೀಳುವುದು. ಬಾಗಿದ ಮೈಯುಳ್ಳ ಕಟ್ಟಡದಲ್ಲಿ ನೀರಿನ ದಾರಿಯನ್ನು ಹಿಡಿಯುವುದು ಇನ್ನೂ ಕಷ್ಟ. ಇದನ್ನು ತಡೆಯುವುದು ಅವಶ್ಯ. ಆದರೆ ಅಷ್ಟೇ ಸಾಲದು. ಆಸನಗಳ ಬಟ್ಟೆ, ಪರದೆ, ನೆಲದ ಹಾಸು, ಮಾಳಿಗೆಯ ಹಲಗೆ, ಇವುಗಳಲ್ಲಿ ಒಂದನ್ನು ಬದಲಾಯಿಸಿದರೂ ಶಾಲೆಯ ನಾದ ಬದಲಾಗುವುದು. ಬಣ್ಣ ಬಳಿಯುವ ಮುನ್ನ ಗೋಡೆಯನ್ನು ಪರೀಕ್ಷಿಸುವಂತೆ, ದುರಸ್ತಿಗೆ ಮುನ್ನವೂ ಅನಂತರವೂ ಕಡೆಯ ಸಾಲಿನಲ್ಲಿ ಕುಳಿತು ಕೇಳಿ, ಅಳೆದು, ಬರೆದಿಡತಕ್ಕುದು.

ಸಿಡ್ನಿಯ ಛಾವಣಿಯಲ್ಲಿ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಬಿಲ್ಲೆಗಳಿವೆ. ಅವುಗಳನ್ನು ಸುತ್ತಿಗೆಯಿಂದ ತಟ್ಟಿ, ಸದ್ದಿನಿಂದಲೇ ಸಡಿಲವನ್ನು ಗುರುತಿಸುವರು. ನಮ್ಮ ಶಿಲ್ಪಶಾಸ್ತ್ರಗಳೂ ಶಿಲೆಯನ್ನು ನಾದದಿಂದ ಪರೀಕ್ಷಿಸಿ ವಿಂಗಡಿಸುವ ಕ್ರಮವನ್ನು ವಿಧಿಸಿವೆ. ಕಟ್ಟಡದ ಆರೋಗ್ಯವನ್ನು ಕಿವಿಯಿಂದ ತಿಳಿಯುವುದು ಹೊಸತೇನೂ ಅಲ್ಲ.

ಚೌಡಯ್ಯನವರ ಭವನದ ಆಕಾರವು ಅವರ ವಾದ್ಯಕ್ಕೆ ಸ್ಮಾರಕ. ಹಿಂದಣ ಸಾಲಿಗೂ ತಲಪುವ ನಾದವು ಅವರ ಜೀವಮಾನದ ಪ್ರಯತ್ನಕ್ಕೆ ಸ್ಮಾರಕ. ಮೊದಲನೆಯದನ್ನು ಕಾಪಾಡಿ ಎರಡನೆಯದನ್ನು ಕಳೆದುಕೊಂಡರೆ ನಮಗುಳಿಯುವುದು ಮೂಕವಾದ ಪಿಟೀಲು. ಅಧ್ಯಾಪಕ ಮಹಾಶಯರು ಎರಡನೆಯ ಅಧ್ಯಾಯವನ್ನು ಇನ್ನು ಮುಂದೆ ಪಾಠ ಹೇಳುವಾಗ, ವಿದ್ಯಾರ್ಥಿಗಳನ್ನು ಸಮೀಪದ ರಂಗಮಂದಿರದ ಕೊನೆಯ ಸಾಲಿಗೆ ಒಮ್ಮೆ ಕರೆದುಕೊಂಡು ಹೋಗಲೆಂದು ವಿಜ್ಞಾಪಿಸುವೆನು. 64 ಹಸ್ತದ ಅರ್ಥವು ಅಲ್ಲಿ ತಾನಾಗಿ ಹೊಳೆಯುವುದು.